ಫಾರ್ಮ್ಯಾಟ್ ಮಾಡುವ ಮುನ್ನ

ಕಂದಾಯ ಇಲಾಖೆಯು 2024ರ ಆರಂಭದಲ್ಲಿ ‘ಭೂ ಸುರಕ್ಷಾ’ ಯೋಜನೆಯನ್ನು ಕೈಗೆತ್ತಿಕೊಂಡಿತು. ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳಲ್ಲಿ ದೂಳು ಹಿಡಿದಿರುವ ಕೈಬರಹದ ಪುಸ್ತಕಗಳು, ಮಂಜೂರಾತಿ ಕಡತಗಳು, ಹಳೆಯ ನಕಾಶೆಗಳು ಇವನ್ನೆಲ್ಲ ಸ್ಕ್ಯಾನ್ ಮಾಡಿ ಗಣಕಯಂತ್ರದಲ್ಲಿ ಕಾಪಾಡುವುದು ಅದರ ಉದ್ದೇಶ. ಕಡತ ಕಳೆದಿದೆ, ಹಾಳೆ ಹರಿದಿದೆ, ಇಲಿ ತಿಂದಿದೆ ಎಂಬ ಉತ್ತರಗಳನ್ನು ಕೇಳಿ ಬೇಸತ್ತ ರೈತನ ದೃಷ್ಟಿಯಿಂದ ನೋಡಿದರೆ ಇದು ಎಂದೋ ಆಗಬೇಕಿದ್ದ ಕೆಲಸ. ತಡವಾಗಿಯಾದರೂ ಆರಂಭವಾದದ್ದನ್ನು ಸ್ವಾಗತಿಸಲೇಬೇಕು.

ಆದರೆ ಕಾಗದದ ಯುಗಕ್ಕೂ ಇಂದಿನ ಸರ್ವರ್ ಯುಗಕ್ಕೂ ನಡುವೆ ಇನ್ನೊಂದು ಯುಗ ಆಗಿಹೋಗಿದೆ. ಸ್ಥೂಲವಾಗಿ 1988ರಿಂದ 2005ರವರೆಗೆ ನಮ್ಮ ಕಚೇರಿಗಳು, ಸಹಕಾರ ಸಂಘಗಳು, ಕಾಲೇಜುಗಳು, ಮುದ್ರಣಾಲಯಗಳು ತಮ್ಮ ಲೆಕ್ಕವನ್ನೂ ಬರಹವನ್ನೂ ಫ್ಲಾಪಿ ಡಿಸ್ಕ್‌ಗಳಲ್ಲಿ ಇಟ್ಟವು. ಕಾಗದವನ್ನು ಉಳಿಸಲು ಹೊರಟ ಯೋಜನೆಯ ಪಟ್ಟಿಗೆ ಅವು ಬರುವುದಿಲ್ಲ. ಸರ್ವರಿಗೆ ಅವು ಎಂದೂ ಏರಲಿಲ್ಲ. ಕಪಾಟಿನ ಮೇಲಿನ ಡಬ್ಬಿಯಲ್ಲಿ, ಮೇಜಿನ ಕೆಳಗಿನ ಖಾನೆಯಲ್ಲಿ ಉಳಿದುಕೊಂಡ ಈ ಫ್ಲಾಪಿಗಳನ್ನು ರದ್ದಿಗೆ ಹಾಕುವ ಮುನ್ನ, ಅದಕ್ಕಿಂತ ಮುಖ್ಯವಾಗಿ ಫಾರ್ಮ್ಯಾಟ್ ಮಾಡುವ ಮುನ್ನ, ಒಮ್ಮೆ ಓದಿ ನೋಡಬೇಕು ಎಂಬುದು ನನ್ನ ವಾದ.

ಎಂಬತ್ತರ ದಶಕದ ಕೊನೆಯಲ್ಲಿ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ಜಿಲ್ಲಾ ಕೇಂದ್ರಗಳಿಗೆ ಗಣಕಯಂತ್ರಗಳನ್ನು ತಂದಿತು. ಭೂದಾಖಲೆಗಳ ಗಣಕೀಕರಣದ ಕೇಂದ್ರ ಪುರಸ್ಕೃತ ಪ್ರಯೋಗ ನಮ್ಮ ರಾಜ್ಯದಲ್ಲಿ ಆರಂಭವಾದದ್ದು ಅಂದಿನ ಗುಲಬರ್ಗಾ ಜಿಲ್ಲೆಯಲ್ಲಿ. ಅದು ಫಲಕಾರಿಯಾಗಿ ಜನರನ್ನು ಮುಟ್ಟಿದ್ದು ‘ಭೂಮಿ’ ಯೋಜನೆಯ ಮೂಲಕ. 2002ರ ಹೊತ್ತಿಗೆ ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳು, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಉತಾರಗಳು, ಗಣಕಯಂತ್ರಕ್ಕೆ ಏರಿದವು; 15 ರೂಪಾಯಿ ಕೊಟ್ಟವನಿಗೆ ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಮುದ್ರಿತ ಪ್ರತಿ ಸಿಗತೊಡಗಿತು. ಪಹಣಿಯ ಮಟ್ಟಿಗೆ ಕಾಗದದಿಂದ ಸರ್ವರಿಗೆ ಸೇತುವೆ ಕಟ್ಟಲಾಯಿತು. ಉಳಿದ ವಿಷಯಗಳಿಗೆ ಸೇತುವೆ ಕಟ್ಟಿದವರು ಯಾರು? ಬರ ಪರಿಹಾರದ ಫಲಾನುಭವಿಗಳ ಪಟ್ಟಿ, ಕೊಳವೆ ಬಾವಿಗಳ ಗಣತಿ, ಭೂಸ್ವಾಧೀನದ ಲೆಕ್ಕಪತ್ರ, ಪುನರ್ವಸತಿ ಕುಟುಂಬಗಳ ವಿವರ, ಸಭೆಯ ನಡವಳಿ ಇವೆಲ್ಲ ಒಂದೊಂದು ಮೇಜಿನ ಗಣಕಯಂತ್ರದಲ್ಲಿ ಹುಟ್ಟಿ, ಒಂದು ಫ್ಲಾಪಿಗೆ ಇಳಿದು, ಅಲ್ಲಿಯೇ ನಿಂತವು.

ವಿಜಯಪುರ ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ಈ ಜಿಲ್ಲೆ ಮೂವತ್ತು ವರ್ಷಗಳೊಳಗೆ ಎರಡು ಬಾರಿ ಆಡಳಿತದ ವಾಟ್ನಿ ಕಂಡಿದೆ. 1997ರ ಆಗಸ್ಟ್ 15ರಂದು ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. ಅದು ಫ್ಲಾಪಿಯ ಉಚ್ಛ್ರಾಯದ ಕಾಲ. 2017ರಲ್ಲಿ ಘೋಷಣೆಯಾಗಿ 2018ರಲ್ಲಿ ಅಸ್ತಿತ್ವಕ್ಕೆ ಬಂದ ಹೊಸ ತಾಲ್ಲೂಕುಗಳಲ್ಲಿ ತಿಕೋಟಾ ಮತ್ತು ಬಬಲೇಶ್ವರ ಸೇರಿವೆ. ಅಷ್ಟು ಹೊತ್ತಿಗೆ ಫ್ಲಾಪಿ ಓದುವ ಡ್ರೈವ್ ಇರುವ ಗಣಕಯಂತ್ರ ಕಚೇರಿಗಳಿಂದ ಮಾಯವಾಗಿತ್ತು. ಹಳೆಯ ವಿಜಯಪುರ ತಾಲ್ಲೂಕಿನಿಂದ ಹೊಸ ತಾಲ್ಲೂಕುಗಳಿಗೆ ಗ್ರಾಮವಾರು ಕಡತಗಳನ್ನು ವಿಂಗಡಿಸಿ ಕಳಿಸಬಹುದು. ಆದರೆ ಒಂದೇ ಫ್ಲಾಪಿಯಲ್ಲಿ ಹತ್ತು ಗ್ರಾಮಗಳ ಮಾಹಿತಿಯಿದ್ದರೆ ಅದನ್ನು ವಿಂಗಡಿಸುವುದು ಹೇಗೆ? ಮೊದಲು ಅದರಲ್ಲಿ ಏನಿದೆಯೆಂದು ತಿಳಿಯಬೇಕಲ್ಲ!

ಇಂಥ ವಿಂಗಡಣೆಯ ಸಂದರ್ಭವೊಂದರಲ್ಲಿ ಒಂದು ಕಚೇರಿಯ ಹಸ್ತಾಂತರ ಪಟ್ಟಿಯನ್ನು ನಾನು ಕಂಡಿದ್ದೇನೆ. ಪ್ರತಿಯೊಂದು ಕಡತಕ್ಕೂ ಸಂಖ್ಯೆ, ವಿಷಯ, ಪುಟಗಳ ಎಣಿಕೆ ಇತ್ತು. ಕೊನೆಯ ಹಾಳೆಯಲ್ಲಿ ಕುರ್ಚಿ, ಟೇಬಲ್, ಪಂಖಾಗಳ ಕೆಳಗೆ ‘ಫ್ಲಾಪಿ ಡಬ್ಬಿ – 3’ ಎಂದು ಬರೆದಿತ್ತು. ಅವುಗಳ ಒಳಗೇನಿದೆ ಎಂಬುದಕ್ಕೆ ಒಂದು ಸಾಲೂ ಇರಲಿಲ್ಲ. ದಾಖಲೆ ಪೀಠೋಪಕರಣದ ಪಟ್ಟಿಗೆ ಸೇರಿದ ಮೇಲೆ ಅದರ ಗತಿ ಹರಾಜಿನಲ್ಲಿಯೇ ಮುಗಿಯುತ್ತದೆ.

ಇದರಿಂದಾಗುವ ನಷ್ಟ ಊಹೆಯದಲ್ಲ. ಆಲಮಟ್ಟಿ ಜಲಾಶಯದ ಕಾರಣ ಈ ಅವಿಭಜಿತ ಜಿಲ್ಲೆಯಲ್ಲಿ ಊರುಗಳೂ ಹೊಲಗಳೂ ಮುಳುಗಿದ್ದು, ಪರಿಹಾರ ಹಂಚಿಕೆಯಾಗಿದ್ದು ಬಹುಮಟ್ಟಿಗೆ ಇದೇ ಫ್ಲಾಪಿಯ ವರ್ಷಗಳಲ್ಲಿ. ಕೃಷ್ಣಾ ಜಲವಿವಾದದ ಎರಡನೆಯ ನ್ಯಾಯಮಂಡಳಿಯು 2010ರಲ್ಲಿ ಅಣೆಕಟ್ಟೆಯ ಸಂಗ್ರಹ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ಸಮ್ಮತಿಸಿತು. ಮತ್ತೆ ಭೂಸ್ವಾಧೀನ, ಮತ್ತೆ ಪರಿಹಾರ, ಮತ್ತೆ ವ್ಯಾಜ್ಯ ಎಂಬುದು ಈ ಪ್ರದೇಶದ ವಾಸ್ತವ. ಅಂತಿಮ ಆದೇಶಗಳು ಕಾಗದದಲ್ಲಿ ಇರುತ್ತವೆ, ನಿಜ. ಆದರೆ ಯಾರ ಹೊಲದಲ್ಲಿ ಎಷ್ಟು ಗಿಡಗಳಿದ್ದವು, ಬಾವಿಗೆ ಯಾವ ದರ ಕಟ್ಟಲಾಯಿತು, ಪಟ್ಟಿಯಿಂದ ಒಂದು ಹೆಸರು ಯಾವ ಹಂತದಲ್ಲಿ ಬಿಟ್ಟುಹೋಯಿತು ಎಂಬುದನ್ನು ಹೇಳಬಲ್ಲವು ಆದೇಶದ ಹಿಂದಿನ ಲೆಕ್ಕದ ಹಾಳೆಗಳು. ಅಂಥ ಲೆಕ್ಕ ಗಣಕಯಂತ್ರದಲ್ಲಿ ತಯಾರಾಗಿದ್ದ ಕಡೆಗಳಲ್ಲಿ ಅದರ ಏಕೈಕ ಪ್ರತಿ ಫ್ಲಾಪಿಯಲ್ಲಿಯೇ ಉಳಿದಿರುವ ಸಾಧ್ಯತೆಯಿದೆ.

ಫಾರ್ಮ್ಯಾಟ್ ಎಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅಗತ್ಯ. ಹೊಸ ಫ್ಲಾಪಿಯ ಒಳಗಿನ ತಟ್ಟೆ ಕಾಂತೀಯ ಲೇಪವಿರುವ ಒಂದು ತೆಳು ಹಾಳೆ ಮಾತ್ರ. ಗೆರೆ ಎಳೆಯದ ಹೊಲದಂತೆ ಅದರಲ್ಲಿ ಯಾವ ತುಂಡು ಯಾರದೆಂಬ ಗುರುತಿಲ್ಲ. ಫಾರ್ಮ್ಯಾಟ್ ಎಂಬುದು ಅದರ ಮೋಜಣಿ. ಮೂರೂವರೆ ಅಂಗುಲದ ಸಾಮಾನ್ಯ ಫ್ಲಾಪಿಯ ಎರಡೂ ಮುಖಗಳ ಮೇಲೆ ಎಂಬತ್ತೆಂಬತ್ತು ವರ್ತುಲಗಳನ್ನು, ಪ್ರತಿ ವರ್ತುಲದಲ್ಲಿ 18 ತುಂಡುಗಳನ್ನು ಗುರುತಿಸಲಾಗುತ್ತದೆ. ಒಟ್ಟು 2,880 ತುಂಡುಗಳು. ಒಂದೊಂದರಲ್ಲಿ 512 ಬೈಟ್. ನಾವು 1.44 ಎಂಬಿ ಎಂದು ಕರೆಯುತ್ತಿದ್ದ ಸಾಮರ್ಥ್ಯ ಬಂದದ್ದು ಈ ಲೆಕ್ಕದಿಂದ. ಮೊದಲ ಕೆಲವು ತುಂಡುಗಳಲ್ಲಿ ಯಾವ ಕಡತ ಎಲ್ಲಿದೆ ಎಂಬ ಸೂಚಿ ಇರುತ್ತದೆ. ತ್ವರಿತ ಫಾರ್ಮ್ಯಾಟ್ ಮಾಡಿದಾಗ ಈ ಸೂಚಿ ಮಾತ್ರ ಅಳಿಸಿಹೋಗುತ್ತದೆ. ಬರಹ ಹಾಗೆಯೇ ಉಳಿದಿರುತ್ತದೆ, ತಜ್ಞರು ಮರಳಿ ಪಡೆಯಬಲ್ಲರು. ಪೂರ್ಣ ಫಾರ್ಮ್ಯಾಟ್ ಮಾಡಿದರೆ ವರ್ತುಲಗಳನ್ನೇ ಹೊಸದಾಗಿ ಬರೆಯಲಾಗುತ್ತದೆ, ಹಳೆಯದು ಹೋದಂತೆಯೇ.

ಫ್ಲಾಪಿ ದುಬಾರಿಯಾಗಿದ್ದ ಕಾಲದಲ್ಲಿ ಕಚೇರಿಗಳು ಒಂದೇ ಫ್ಲಾಪಿಯನ್ನು ಫಾರ್ಮ್ಯಾಟ್ ಮಾಡಿ ನಾಲ್ಕಾರು ಬಾರಿ ಬಳಸುತ್ತಿದ್ದವು. ಅದು ಮಿತವ್ಯಯ, ತಪ್ಪೆನ್ನಲಾಗದು. ಇಂದಿನ ಅಪಾಯ ಬೇರೆ ಬಗೆಯದು. ಹಳೆಯ ಫ್ಲಾಪಿಯೊಂದನ್ನು ಈಗ ಗಣಕಯಂತ್ರಕ್ಕೆ ಹಾಕಿದರೆ, ಅದರ ಮೊದಲ ತುಂಡು ಓದಲು ಬಾರದಿದ್ದರೆ, ಪರದೆಯ ಮೇಲೆ ಒಂದು ಸಂದೇಶ ಬರುತ್ತದೆ: ಈ ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಬೇಕೆ? ಕಚೇರಿಯೊಂದರಲ್ಲಿ ಇಂಥ ಸಂದೇಶದೆದುರು ಕುಳಿತಿದ್ದ ತರುಣ ನೌಕರನೊಬ್ಬ ನನಗೆ ಹೇಳಿದ ಮಾತು ನೆನಪಿದೆ: “ಸಾಹೇಬ್ರ, ಇದರಾಗ ಏನೂ ಇಲ್ರಿ. ಫಾರ್ಮ್ಯಾಟ್ ಮಾಡ್ಲೇನಂತ ಕೇಳಾಕತ್ತೈತ್ರಿ.” ಯಂತ್ರ ಹೇಳಿದ್ದು ತನಗೆ ಓದಲು ಬರುತ್ತಿಲ್ಲವೆಂದು, ಆತ ಅರ್ಥಮಾಡಿಕೊಂಡದ್ದು ಒಳಗೆ ಏನೂ ಇಲ್ಲವೆಂದು. ಡ್ರೈವಿನ ತಲೆ ಮಲಿನವಾಗಿರಬಹುದು, ಬರೆದ ಡ್ರೈವಿಗೂ ಓದುವ ಡ್ರೈವಿಗೂ ಹೊಂದಾಣಿಕೆ ತಪ್ಪಿರಬಹುದು, ಮುದ್ರಣಾಲಯದ ಮ್ಯಾಕಿಂತೋಷ್ ಯಂತ್ರದಲ್ಲಿ ಬರೆದ ಫ್ಲಾಪಿ ಅದಾಗಿರಬಹುದು. ಈ ಯಾವ ಸಂದರ್ಭದಲ್ಲಿಯೂ ಬರಹ ಒಳಗೆ ಇದ್ದೇ ಇರುತ್ತದೆ. ‘ಹೌದು’ ಎಂದು ಒತ್ತಿದ ಮರುಕ್ಷಣದಿಂದ ಅದು ಅಳಿಯತೊಡಗುತ್ತದೆ.

ಆಡಳಿತದ ಭಾಷೆಯಲ್ಲಿಯೂ ಇಂಥದೇ ಒಂದು ಗೊಂದಲವಿದೆ. ಹುಡುಕದ ಕಡತಕ್ಕೂ ಇಲ್ಲದ ಕಡತಕ್ಕೂ ನಾವು ‘ಲಭ್ಯವಿಲ್ಲ’ ಎಂಬ ಒಂದೇ ಹಿಂಬರಹ ಕೊಡುತ್ತೇವೆ. ಓದಲಾಗದ ಫ್ಲಾಪಿಗೆ ಸಿಗುವುದೂ ಅದೇ ಹಿಂಬರಹ.

ಓದಿದ ಮೇಲೂ ಇನ್ನೊಂದು ಬೀಗವಿದೆ, ಅದು ಕನ್ನಡದ್ದು. ಯೂನಿಕೋಡ್ ನಮ್ಮ ಕಚೇರಿಗಳಲ್ಲಿ ನೆಲೆಗೊಳ್ಳುವ ಮುನ್ನ ಕನ್ನಡದ ತಂತ್ರಾಂಶಗಳು ಅಕ್ಷರಗಳಿಗೆ ತಮ್ಮ ತಮ್ಮದೇ ಸಂಕೇತಗಳನ್ನು ಕೊಟ್ಟುಕೊಂಡಿದ್ದವು. ಶ್ರೀಲಿಪಿಯಲ್ಲಿ ಬರೆದದ್ದು ಆಕೃತಿಯಲ್ಲಿ ತೆರೆಯದು. ಬರಹ, ನುಡಿಗಳು ಬಂದ ಮೇಲೂ ಹಳೆಯ ಕಡತಗಳು ಹಳೆಯ ಸಂಕೇತದಲ್ಲಿಯೇ ಉಳಿದವು. ಇಂದಿನ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅದನ್ನೂ ‘ಹಾಳಾಗಿದೆ’ ಎಂದು ಎಸೆಯುವವರಿದ್ದಾರೆ. ವಾಸ್ತವದಲ್ಲಿ ಯಾವ ಫಾಂಟ್ ಎಂಬುದು ತಿಳಿದರೆ ಅದನ್ನು ಯೂನಿಕೋಡ್‌ಗೆ ಪರಿವರ್ತಿಸಲು ಸಾಧ್ಯ. ಈ ತಂತ್ರಾಂಶಗಳನ್ನು ದಿನವೂ ಬಳಸಿದ ಬೆರಳಚ್ಚುಗಾರರು, ಡಿಟಿಪಿ ಕೆಲಸಗಾರರು ಇನ್ನೂ ನಮ್ಮ ನಡುವೆ ಇದ್ದಾರೆ. ಇನ್ನು ಇಪ್ಪತ್ತು ವರ್ಷ ಕಳೆದರೆ ಆ ಜ್ಞಾನವೂ ಕೈತಪ್ಪುತ್ತದೆ.

ದಾಖಲೆಗಳ ಅಳಿವು ಉಳಿವಿನ ಪಾಠ ಕಲಿಯಲು ವಿಜಯಪುರದವರು ದೂರ ಹೋಗಬೇಕಾಗಿಲ್ಲ. ಆದಿಲ್‌ಶಾಹಿಗಳ ಗ್ರಂಥಭಂಡಾರದಲ್ಲಿ ಉಳಿದಿದ್ದ ಹಸ್ತಪ್ರತಿಗಳು ಅಸಾರ್ ಮಹಲಿನಲ್ಲಿದ್ದವು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಅವು ಲಂಡನ್ನಿನ ಇಂಡಿಯಾ ಆಫೀಸಿಗೆ ಸಾಗಿದವು. ಅದು ನಮ್ಮ ಪಾಲಿನ ನಷ್ಟ. ಆದರೂ ಕಾಗದ ಮತ್ತು ಮಸಿಯ ಗುಣದಿಂದ ಅವನ್ನು ಇಂದೂ ಓದಬಹುದು. ಇನ್ನೊಂದು ನಿದರ್ಶನ ಇದೇ ಊರಿನಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರದು. ಮನೆಮನೆಗಳಲ್ಲಿ, ಮಠಗಳಲ್ಲಿ ಮೂಲೆ ಸೇರಿದ್ದ ತಾಡವೋಲೆಗಳನ್ನು ಅವರು ಹುಡುಕಿ ತಂದರು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು, ಮನೆ ಮಾರಿ ಮುದ್ರಣಾಲಯ ಸ್ಥಾಪಿಸಿದರು. ಓಲೆಗಳು ಪೂಜೆಯ ಗಂಟಿನಲ್ಲಿ ಶತಮಾನಗಳ ಕಾಲ ಕಾದಿದ್ದವು. ಫ್ಲಾಪಿಗೆ ಅಂಥ ಆಯುಷ್ಯವಿಲ್ಲ. ಕಾಂತೀಯ ಲೇಪ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿನಲ್ಲಿ, ತಗಡಿನ ಕಪಾಟಿನಲ್ಲಿ, ಎರೆಭೂಮಿಯ ದೂಳಿನ ನಡುವೆ ಅದು ಬೇಗನೆ ಕೆಡುತ್ತದೆ. ಹೊಸ ಹಳಕಟ್ಟಿಯವರು ಹುಟ್ಟಿಬರುವವರೆಗೆ ಅದು ಕಾಯದು.

ಹೊರಗಿನ ಜಗತ್ತು ಈ ಪಾಠವನ್ನು ಬೆಲೆ ತೆತ್ತು ಕಲಿತಿದೆ. ಇಂಗ್ಲೆಂಡಿನಲ್ಲಿ 1086ರಲ್ಲಿ ನಡೆದ ಭೂಮಾಪನದ ‘ಡೂಮ್ಸ್‌ಡೇ’ ಪುಸ್ತಕದ ಒಂಬೈನೂರನೆಯ ವರ್ಷದ ನೆನಪಿಗಾಗಿ 1986ರಲ್ಲಿ ಬಿಬಿಸಿ ದೇಶದ ಜನಜೀವನದ ಚಿತ್ರಣವನ್ನು ಲೇಸರ್ ಡಿಸ್ಕ್‌ಗಳಲ್ಲಿ ಸಂಗ್ರಹಿಸಿತು. ಹದಿನಾರು ವರ್ಷಗಳೊಳಗೆ ಆ ಡಿಸ್ಕ್ ಓದುವ ಯಂತ್ರಗಳೇ ಅಪರೂಪವಾಗಿ, ಸಂಶೋಧಕರು 2002ರಲ್ಲಿ ಬಹಳ ಶ್ರಮಪಟ್ಟು ಮಾಹಿತಿಯನ್ನು ಉಳಿಸಬೇಕಾಯಿತು. ಚರ್ಮದ ಹಾಳೆಯ ಮೂಲ ಪುಸ್ತಕ ಮಾತ್ರ ಇಂದಿಗೂ ಸುರಕ್ಷಿತ. ಜಪಾನ್ ಸರ್ಕಾರ ಫ್ಲಾಪಿಯಲ್ಲಿಯೇ ಅರ್ಜಿ, ಮಾಹಿತಿ ಸಲ್ಲಿಸಬೇಕೆಂದಿದ್ದ ಸಾವಿರಕ್ಕೂ ಹೆಚ್ಚು ನಿಯಮಗಳನ್ನು ರದ್ದುಪಡಿಸಿ ಮುಗಿಸಿದ್ದು 2024ರಲ್ಲಿ. ಅಮೆರಿಕದ ಅಣ್ವಸ್ತ್ರ ನಿಯಂತ್ರಣದ ಒಂದು ವ್ಯವಸ್ಥೆ ಎಂಟು ಅಂಗುಲದ ಫ್ಲಾಪಿಯನ್ನು 2019ರವರೆಗೆ ಬಿಟ್ಟಿರಲಿಲ್ಲ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಗ್ರಂಥಾಲಯವು ತನ್ನ ಸಂಗ್ರಹದ ಫ್ಲಾಪಿಗಳನ್ನು ಓದಿ ಉಳಿಸುವ ಕೆಲಸಕ್ಕೆಂದೇ ಯೋಜನೆ ರೂಪಿಸಿದೆ. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ಅವರ ಫ್ಲಾಪಿಗಳೂ ಅಲ್ಲಿವೆ. ಹಳತನ್ನು ಬಿಡುವುದೂ ಒಂದು ಕ್ರಮಬದ್ಧ ಕೆಲಸ, ಅದಕ್ಕೂ ಒಬ್ಬ ಹೊಣೆಗಾರ ಬೇಕು ಎಂಬುದನ್ನು ಈ ಉದಾಹರಣೆಗಳು ತೋರಿಸುತ್ತವೆ.

ಖರ್ಚಿನ ಮಾತಿಗೆ ಬರೋಣ. ಒಂದು ಸಾವಿರ ಫ್ಲಾಪಿಗಳ ಒಟ್ಟು ಸಾಮರ್ಥ್ಯ ಒಂದೂವರೆ ಜಿಬಿಗಿಂತ ಕಡಿಮೆ. ಇಂದು ಮಕ್ಕಳ ಕೈಯಲ್ಲಿರುವ ಅಗ್ಗದ ಪೆನ್‌ಡ್ರೈವ್‌ನಲ್ಲಿ ಇದರ ಹಲವು ಪಟ್ಟು ಹಿಡಿಯುತ್ತದೆ. ಮೂರೂವರೆ ಅಂಗುಲದ ಫ್ಲಾಪಿ ಓದಲು ಯುಎಸ್‌ಬಿಗೆ ಜೋಡಿಸುವ ಡ್ರೈವ್‌ಗಳು ಕೆಲವು ಸಾವಿರ ರೂಪಾಯಿಯೊಳಗೆ ದೊರೆಯುತ್ತವೆ. ಸುಸ್ಥಿತಿಯಲ್ಲಿರುವ ಫ್ಲಾಪಿಯ ಪೂರ್ಣ ಪ್ರತಿ ತೆಗೆಯಲು ಒಂದೆರಡು ನಿಮಿಷ ಸಾಕು. ಹಳೆಯ ಐದೂಕಾಲು ಅಂಗುಲದವಕ್ಕೆ ಹಳೆಯ ಡ್ರೈವ್ ಬೇಕು. ಓದಲು ಹಟ ಮಾಡುವವಕ್ಕೆ ಕಾಂತೀಯ ಸಂಕೇತವನ್ನೇ ನೇರವಾಗಿ ಗ್ರಹಿಸುವ ಸಣ್ಣ ಉಪಕರಣಗಳಿವೆ. ಇಡೀ ಜಿಲ್ಲೆಯ ಕೆಲಸಕ್ಕೆ ಒಂದು ಸರ್ಕಾರಿ ಸಮಾರಂಭದ ಶಾಮಿಯಾನದ ಖರ್ಚೂ ಆಗಲಾರದು.

ಹಾಗಿದ್ದರೆ ಇದೇಕೆ ಆಗುವುದಿಲ್ಲ? ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಉತ್ತರ ಸುಲಭ. ಖರ್ಚು ಇಂದಿನದು, ಒಂದು ಕಚೇರಿಯದು; ಲಾಭ ಮುಂದೆಂದೋ ಬರುವುದು, ಅದೂ ಹೆಸರು ಗೊತ್ತಿಲ್ಲದ ರೈತನಿಗೆ, ಸಂಶೋಧಕನಿಗೆ, ನ್ಯಾಯಾಲಯಕ್ಕೆ. ಉಳಿಸಿದ ಅಧಿಕಾರಿಗೆ ಯಾರೂ ಶಹಬ್ಬಾಸ್ ಎನ್ನುವುದಿಲ್ಲ. ಅಳಿಸಿದವನನ್ನು ಯಾರೂ ಕೇಳುವುದಿಲ್ಲ. ಇಂಥ ಸಾರ್ವಜನಿಕ ಸರಕು ಮಾರುಕಟ್ಟೆಯಿಂದಾಗಲೀ ವ್ಯಕ್ತಿಯ ಸದಿಚ್ಛೆಯಿಂದಾಗಲೀ ತಾನಾಗಿ ದೊರೆಯದು. ನಿಯಮ ಮತ್ತು ಹೊಣೆಗಾರಿಕೆಯಿಂದ ಮಾತ್ರ ದೊರೆಯುತ್ತದೆ.

ನಿಯಮಗಳಿಗೇನೂ ಕೊರತೆಯಿಲ್ಲ. 1993ರ ಕೇಂದ್ರದ ಸಾರ್ವಜನಿಕ ದಾಖಲೆಗಳ ಕಾಯ್ದೆಯು ಗಣಕಯಂತ್ರದಿಂದ ಉಂಟಾದ ಸಾಮಗ್ರಿಯನ್ನೂ ಸಾರ್ವಜನಿಕ ದಾಖಲೆಯ ವ್ಯಾಖ್ಯೆಯಲ್ಲಿ ಸೇರಿಸಿದೆ. 2010ರಲ್ಲಿ ನಮ್ಮ ರಾಜ್ಯಕ್ಕೂ ಸಾರ್ವಜನಿಕ ದಾಖಲೆಗಳ ಕಾಯ್ದೆ ಬಂದಿತು. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 7ನೇ ಪ್ರಕರಣದಂತೆ ವಿದ್ಯುನ್ಮಾನ ರೂಪದಲ್ಲಿ ಇರಿಸಿದ ದಾಖಲೆಯು ಮುಂದಿನ ಉಲ್ಲೇಖಕ್ಕೆ ಒದಗುವಂತೆ ಇರತಕ್ಕದ್ದು. ಮಾಹಿತಿ ಹಕ್ಕು ಕಾಯ್ದೆ, 2005ರ 4ನೇ ಪ್ರಕರಣವು ದಾಖಲೆಗಳಿಗೆ ಸೂಚಿ ತಯಾರಿಸುವುದನ್ನು ಪ್ರತಿ ಪ್ರಾಧಿಕಾರದ ಕರ್ತವ್ಯವನ್ನಾಗಿಸಿದೆ. ಓದಲು ಯಂತ್ರವೇ ಇಲ್ಲದ ಫ್ಲಾಪಿ ಈ ಯಾವ ಕಾಯ್ದೆಯ ಆಶಯವನ್ನೂ ಪೂರೈಸುವುದಿಲ್ಲ.

ಹಳೆಯ ಫ್ಲಾಪಿಗಳಲ್ಲಿ ನಿಧಿ ಅಡಗಿದೆಯೇ ಎಂದು ಕೇಳುವವರಿರಬಹುದು. ಬಹುಪಾಲು ಫ್ಲಾಪಿಗಳಲ್ಲಿ ರಜೆ ಅರ್ಜಿ, ಸುತ್ತೋಲೆಗಳ ಕರಡು, ಎಂದೋ ಮುಗಿದ ವೇತನ ಬಿಲ್ಲುಗಳೇ ಇರಬಹುದು. ಅವುಗಳನ್ನು ಅಳಿಸಲೇಬೇಕು, ನಾಗರಿಕರ ಖಾಸಗಿ ವಿವರಗಳಿದ್ದರೆ ಅಳಿಸುವುದೇ ಧರ್ಮ. ಆದರೆ ಕಾಳು ಯಾವುದು, ಹೊಟ್ಟು ಯಾವುದು ಎಂದು ತೂರಿ ನೋಡಿದ ಮೇಲೆ ತಿಳಿಯಬೇಕೇ ಹೊರತು ರಾಶಿಗೇ ಬೆಂಕಿ ಇಡುವುದು ಒಕ್ಕಲುತನವಲ್ಲ.

ಆದ್ದರಿಂದ ಜಿಲ್ಲಾಡಳಿತಕ್ಕೆ ನನ್ನ ಸಲಹೆ ಇಷ್ಟು. ಎಲ್ಲ ಇಲಾಖೆಗಳಲ್ಲಿ ಉಳಿದಿರುವ ಫ್ಲಾಪಿಗಳ ಎಣಿಕೆ ಮೊದಲು ನಡೆಯಲಿ. ಅದು ಮುಗಿಯುವವರೆಗೆ ಯಾವ ಫ್ಲಾಪಿಯೂ ಹರಾಜಿಗಾಗಲೀ ಇ-ತ್ಯಾಜ್ಯಕ್ಕಾಗಲೀ ಹೋಗದಿರಲಿ. ವಿಜಯಪುರ ನಗರದಲ್ಲಿ ಒಂದೇ ಓದುವ ಕೇಂದ್ರವಿರಲಿ. ಇಲ್ಲಿನ ಇಂಜಿನಿಯರಿಂಗ್ ಕಾಲೇಜುಗಳ, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಇದು ಒಂದು ಬೇಸಿಗೆಯ ತರಬೇತಿಯೂ ಆದೀತು. ಹೊಸ ತಾಲ್ಲೂಕುಗಳಾದ ತಿಕೋಟಾ, ಬಬಲೇಶ್ವರಗಳಿಂದಲೇ ಆರಂಭಿಸಬಹುದು. ತಮ್ಮ ಗ್ರಾಮಗಳಿಗೆ ಸಂಬಂಧಿಸಿದ ಏನೇನು ಹಳೆಯ ತಾಲ್ಲೂಕಿನಲ್ಲಿ ಉಳಿದಿದೆ ಎಂದು ಕೇಳುವ ಹಕ್ಕು ಮತ್ತು ಅಗತ್ಯ ಎರಡೂ ಅವುಗಳಿಗಿವೆ. ಫ್ಲಾಪಿಯ ಮೇಲಿನ ಚೀಟಿಯ ಚಿತ್ರ, ಅದರ ಪೂರ್ಣ ಪ್ರತಿ, ಯೂನಿಕೋಡ್‌ಗೆ ತಿರುಗಿಸಿದ ಪಠ್ಯ, ಈ ಮೂರೂ ಒಟ್ಟಿಗೆ ದಾಖಲಾಗಲಿ. ಯಾವುದನ್ನು ಉಳಿಸಬೇಕೆಂಬ ತೀರ್ಮಾನ ರಾಜ್ಯ ಪತ್ರಾಗಾರ ಇಲಾಖೆಯ ಸಲಹೆಯೊಂದಿಗೆ ಆಗಲಿ.

ಸಹಕಾರ ಸಂಘಗಳಿಗೂ ಇದು ಅನ್ವಯಿಸುತ್ತದೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರಲ್ಲಿ 2,516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. ಹೊಸ ಯಂತ್ರ ಬಂದು ಹಳೆಯದು ಮೂಲೆ ಸೇರುವ ಘಳಿಗೆಯಲ್ಲಿಯೇ ಹಳೆಯ ಸಾಲದ ಲೆಕ್ಕ ಕಾಣೆಯಾಗುವುದು. ದ್ರಾಕ್ಷಿಯ ಸೀಮೆಯಾದ ತಿಕೋಟಾದಲ್ಲಿ ಬೆಳೆಸಾಲದ ಹಿಂದಿನ ಇತಿಹಾಸವೆಂದರೆ ಕುಟುಂಬಗಳ ಏಳುಬೀಳಿನ ಇತಿಹಾಸವೂ ಹೌದು.

ಮನೆಯಲ್ಲಿ ಫ್ಲಾಪಿ ಇಟ್ಟುಕೊಂಡ ಓದುಗರಿಗೆ ಒಂದೆರಡು ಮಾತು. ಡ್ರೈವಿಗೆ ಹಾಕುವ ಮುನ್ನ ಮೂರೂವರೆ ಅಂಗುಲದ ಫ್ಲಾಪಿಯ ಮೂಲೆಯಲ್ಲಿರುವ ಸಣ್ಣ ಪಟ್ಟಿಯನ್ನು ಸರಿಸಿ ಕಿಂಡಿ ತೆರೆದಿಡಿ. ಐದೂಕಾಲು ಅಂಗುಲದ್ದಾದರೆ ಅಂಚಿನ ಕಚ್ಚನ್ನು ಅಂಟುಪಟ್ಟಿಯಿಂದ ಮುಚ್ಚಿ. ಹಾಗೆ ಮಾಡಿದರೆ ಯಂತ್ರ ಅದರ ಮೇಲೆ ಬರೆಯಲಾರದು, ಫಾರ್ಮ್ಯಾಟೂ ಮಾಡಲಾರದು. ತಟ್ಟೆಯ ಮೇಲೆ ಬೂಷ್ಟು ಕಂಡರೆ ಓದಿಸಲು ಯತ್ನಿಸದೆ ಬಲ್ಲವರಿಗೆ ಕೊಡಿ. ಹಳೆಯ ಯಂತ್ರಕ್ಕಾಗಿ ಫ್ಲಾಪಿಯನ್ನು ಇನ್ನೂ ಬಳಸಲೇಬೇಕಾದವರು ಫಾರ್ಮ್ಯಾಟ್ ಮಾಡಿ ಧಾರಾಳವಾಗಿ ಬಳಸಲಿ, ಆದರೆ ಏಕೈಕ ಪ್ರತಿಯನ್ನು ಅದರಲ್ಲಿ ಇಡದಿರಲಿ.

ಇಂದಿನ ಪೆನ್‌ಡ್ರೈವ್, ಮೊಬೈಲ್, ದೂರದ ಸರ್ವರ್‌ಗಳಿಗೂ ನಾಳೆ ಇದೇ ಸರದಿ ಬರಲಿದೆ. ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ದಾಟುವಾಗ ಹಳೆಯದರಲ್ಲಿ ಏನಿತ್ತು, ಅದನ್ನು ಎಲ್ಲಿಟ್ಟೆವು, ಯಾರು ನೋಡಿದರು ಎಂದು ಬರೆದಿಡುವ ಪದ್ಧತಿಯನ್ನು ಫ್ಲಾಪಿಯಿಂದಲೇ ರೂಢಿಸಿಕೊಳ್ಳುವುದು ಲೇಸು. ಸಣ್ಣ ಮೊತ್ತದಲ್ಲಿ ಕಲಿಯಬಹುದಾದ ಪಾಠಕ್ಕೆ ದೊಡ್ಡ ಬೆಲೆ ತೆರಬೇಕಾದ ಅಗತ್ಯವಿಲ್ಲ.